ಅಂಗಳದಲ್ಲಿ ಒಂದು ಕೇಪಳ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಕಳೆದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಹೇಳಿದರು, "ಸಿಸ್ಟರ್, ಸೆಪ್ಟೆಂಬರ್ 8ರ ಮೊಂತಿ ಹಬ್ಬದ ನೊವೆನಕ್ಕೆ ಮಕ್ಕಳ ಕೈಯಲ್ಲಿ ಕೊಡಲು ನಮ್ಮಲ್ಲಿ ಒಂದು ಹೂ ಇಲ್ಲ. ಒಂಬತ್ತು ದಿನವೂ ಕ್ರಯಕ್ಕೆ ತಂದದ್ದು." ಅವರ ಮನೆಗೆ ನಾವು ಹೋಗಿದ್ದೇವೆ. ಅಂಗಳ ಬಹಳ ಚಂದ. ಇಂಟರ್‌ಲಾಕ್ ಹಾಕಿದ್ದಾರೆ, ಒಂದು ಒಣ ಎಲೆ ಕಾಣಲಿಕ್ಕಿಲ್ಲ. ಗೇಟಿನ ಹತ್ತಿರ ಕೇಪಳದ ಗಿಡವೂ ಉಂಟು, ಪೆಟ್ಟಿಗೆಯ ಹಾಗೆ ಕತ್ತರಿಸಿದ್ದು!

ಹೂ ಇಲ್ಲದ್ದು ಅದಕ್ಕೇ. ಕೇಪಳದ ಮೊಗ್ಗು ಬರುವುದು ಗೆಲ್ಲಿನ ತುದಿಯಲ್ಲಿ. ಹದಿನೈದು ದಿನಕ್ಕೊಮ್ಮೆ ತುದಿ ಕತ್ತರಿಸಿದರೆ ಹೂ ಎಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ, ಹೂ ಕಡಿಮೆಯಾದಾಗ ಕತ್ತರಿಸಿದರೆ ಸಾಕು. ದಾರಿಗೆ ಅಡ್ಡ ಬಂದ ಗೆಲ್ಲು ಬೇಕಾದರೆ ತೆಗೆಯಿರಿ. ಬುಡ ಗುಡಿಸಿಟ್ಟರೆ ಅಂಗಳ ಚೊಕ್ಕವಾಗಿಯೇ ಕಾಣುತ್ತದೆ.

ಕೇಪಳ ನಮ್ಮದೇ ಮುರಕಲ್ಲಿನ ಗುಡ್ಡದ ಗಿಡ. ದೇವಿಗೆ ಈ ಹೂ ಇಡುವ ಅಕ್ಕಂದಿರೂ ಇಲ್ಲಿದ್ದೀರಿ. ಹೂವಿನ ಕೊಳವೆ ಉದ್ದ, ಸಪೂರ. ಅಡಿಯಲ್ಲಿರುವ ಮಕರಂದ ಸಿಗುವುದು ಚಿಟ್ಟೆಯ ಉದ್ದ ಸೊಂಡಿಲಿಗೆ. ಅದು ಹೂವಿಂದ ಹೂವಿಗೆ ಹುಡಿ ಒಯ್ದರೆ ಕೆಂಪು ಹಣ್ಣಾಗುತ್ತದೆ. ಶಾಲೆಯಿಂದ ಬರುವ ದಾರಿಯಲ್ಲಿ ನಾವೆಲ್ಲ ಆ ಹಣ್ಣು ತಿಂದವರೇ ಅಲ್ಲವಾ?

ತುಡುವೆ, ಮುಜಂಟಿ ಜೇನ್ನೊಣಗಳಿಗೆ ಈ ಕೊಳವೆ ಆಳವಾಯಿತು. ಅವುಗಳಿಗಾಗಿ ತುಳಸಿಯ ಕದಿರು ಚಿವುಟದೆ ಬಿಡಿ. ಸೌತೆಯ ಮಿಡಿ ಕರಟಿ ಬೀಳುತ್ತದೆ ಎಂದು ದೂರುತ್ತೀರಲ್ಲ? ಗಂಡು ಹೂವಿನ ಹುಡಿ ಹೆಣ್ಣು ಹೂವಿಗೆ ಮುಟ್ಟದಿದ್ದರೂ ಹಾಗಾಗುತ್ತದೆ. ಹುಡಿ ಮುಟ್ಟಿಸುವ ಜೇನ್ನೊಣಕ್ಕೇ ವಿಷ ಸಿಂಪಡಿಸಿದರೆ ಸೌತೆ ಎಲ್ಲಿಂದ?

ಗಿಡಕ್ಕೆ ಖರ್ಚಿಲ್ಲ. ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ, ಅರ್ಧ ಬಲಿತ ಗೆಲ್ಲಿನ ಒಂದು ಗೇಣು ತುಂಡು ನೆರಳಿನಲ್ಲಿ ಊರಿ. ಎಲ್ಲವೂ ಚಿಗುರುವುದಿಲ್ಲ, ನಾಲ್ಕೈದು ಇರಲಿ. ಬೇರು ಹಿಡಿದ ಮೇಲೆ ಬಿಸಿಲು ಬೀಳುವಲ್ಲಿ ನೆಡಿ. ಗುಡ್ಡದ ಗಿಡವನ್ನು ಬುಡಸಮೇತ ಕೀಳಬೇಡಿ. ಸಿಮೆಂಟ್ ಗೋಡೆಗೆ ತಾಗಿಸಿ ನೆಡಲೂ ಬೇಡಿ, ಸುಣ್ಣದ ಅಂಶಕ್ಕೆ ಎಲೆ ಹಳದಿಯಾಗುತ್ತದೆ. ಹಬ್ಬಕ್ಕೆ ಕೊಯ್ಯುವಾಗ ಅರ್ಧ ಗೊಂಚಲು ಚಿಟ್ಟೆಗೆ ಬಿಡಿ. ಮಾತೆ ಮರಿಯಮ್ಮ ಬೇಸರಿಸುವುದಿಲ್ಲ.

ಆ ಸದಸ್ಯೆ ಕತ್ತರಿ ಹಾಕುವುದನ್ನು ನಿಲ್ಲಿಸಿದ್ದಾರೆ. ಗಿಡ ಕಾಡಾಯಿತು ಎಂದು ಯಜಮಾನರಿಗೆ ಸಿಟ್ಟು. ಅವರನ್ನು ಒಪ್ಪಿಸಲು ನಮ್ಮನ್ನು ಕರೆದಿದ್ದಾರೆ. ಬರುವ ಆದಿತ್ಯವಾರ ಪೂಜೆ ಮುಗಿಸಿ ಹೋಗುತ್ತೇವೆ.