ಮೋಡದೊಳಗಿನ ಬೆಟ್ಟ



ವೈಟ್‌ಫೀಲ್ಡ್ ಕಡೆ ಓಡಾಡುವವರಿಗೆ ಕುಂದಲಹಳ್ಳಿ ಹೊಸದಲ್ಲ. ಬಸ್ಸು ನಿಂತು ನಿಂತು ಸಾಗುವ ಆ ಊರಿಗೂ ಮೋಡ ಮುಸುಕಿದ ಬೆಟ್ಟಗಳ ನಡುವೆ ಹಾರುವ ಚಿಕ್ಕ ವಿಮಾನಕ್ಕೂ ಒಂದು ನಂಟಿದೆ. ಅದನ್ನು ತಿಳಿಯುವ ಮುನ್ನ, ಕೆಟ್ಟಿರದ ವಿಮಾನವೂ ಬೆಟ್ಟಕ್ಕೆ ಬಡಿಯುವುದೇಕೆ ಎಂಬುದನ್ನು ನೋಡೋಣ.

2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಅವರಿದ್ದ ವಾಯುಪಡೆಯ ಹೆಲಿಕಾಪ್ಟರ್ ಸೂಲೂರಿನಿಂದ ನೀಲಗಿರಿಯ ವೆಲಿಂಗ್ಟನ್‌ಗೆ ಹೊರಟು ಕೂನೂರಿನ ಬಳಿ ಅಪಘಾತಕ್ಕೀಡಾಯಿತು. ಅದರಲ್ಲಿದ್ದ 14 ಮಂದಿಯಲ್ಲಿ 13 ಮಂದಿ ಅಂದೇ ಮೃತರಾದರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಡಿಸೆಂಬರ್ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಯಂತ್ರದೋಷವಿರಲಿಲ್ಲ, ಕಣಿವೆಯ ಹವೆ ದಿಢೀರನೆ ಬದಲಾಗಿ ಹೆಲಿಕಾಪ್ಟರ್ ಮೋಡವನ್ನು ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಭ್ರಮೆಯಾಯಿತು ಎಂದು ತನಿಖೆಯ ಪ್ರಾಥಮಿಕ ವರದಿ ಹೇಳಿತು. 2022ರ ಮೇ 29ರಂದು ನೇಪಾಳದ ಪೋಖರಾದಿಂದ ಜೋಮ್‌ಸೋಮ್‌ಗೆ ಹೊರಟ ಚಿಕ್ಕ ಟ್ವಿನ್ ಆಟರ್ ವಿಮಾನವೂ ಮೋಡದಲ್ಲಿ ಬೆಟ್ಟಕ್ಕೆ ಬಡಿದು 22 ಮಂದಿ ಸತ್ತರು.

ಬೆಟ್ಟದ ಬಳಿಯೇ ಮೋಡವೇಕೆ? ಗಾಳಿ ಇಳಿಜಾರನ್ನೇರುವಾಗ ಹಿಗ್ಗುತ್ತದೆ, ತಣಿಯುತ್ತದೆ. ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿದು, ಕೊನೆಗೆ ಅದರೊಳಗಿನ ನೀರಾವಿ ಹನಿಗಟ್ಟುತ್ತದೆ. ಬೆಳಗಿನ ಜಾವ ನಂದಿಬೆಟ್ಟ ಹತ್ತಿದವರು ಈ ಮೋಡದೊಳಗೆ ನಡೆದಾಡಿದ್ದಾರೆ.

ಮೋಡದೊಳಗೆ ದಿಗಂತ ಕಾಣದು. ಆಗ ನಾವು ನಂಬುವುದು ಒಳಕಿವಿಯ ಅರ್ಧವೃತ್ತಾಕಾರದ ನಾಳಗಳನ್ನು. ದೇಹ ತಿರುಗಿದಾಗ ಅವುಗಳಲ್ಲಿರುವ ದ್ರವ ಹಿಂದುಳಿಯುತ್ತದೆ. ಅದರಿಂದಲೇ ತಿರುಗಿದ ಅರಿವು. ಆದರೆ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೂಡುತ್ತದೆ, ಅರಿವು ಮಾಯವಾಗುತ್ತದೆ. ವಿಮಾನ ವಾಲಿ ತಿರುಗುತ್ತಿದ್ದರೂ ನೇರವಾಗಿ ಹೋಗುತ್ತಿದೆ ಎನಿಸುತ್ತದೆ. ಆದ್ದರಿಂದಲೇ ಪೈಲಟ್‌ಗಳಿಗೆ ಮೊದಲ ಪಾಠ: ಮೈ ಹೇಳಿದ್ದನ್ನು ಬಿಡು, ಉಪಕರಣ ಹೇಳಿದ್ದನ್ನು ನಂಬು.

ಕಾಲಾವಕಾಶವೂ ಕಡಿಮೆ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. 500 ಮೀಟರ್ ದೂರದವರೆಗೆ ಮಾತ್ರ ಕಾಣುತ್ತಿದ್ದರೆ, ಬೆಟ್ಟ ಕಂಡ ಮೇಲೆ ಉಳಿಯುವುದು 10 ಸೆಕೆಂಡು!

ಈಗ ಕುಂದಲಹಳ್ಳಿಗೆ ಬರೋಣ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ರೂಪಿಸಿದ 'ಗಗನ್' ವ್ಯವಸ್ಥೆಯ ನಿಯಂತ್ರಣ ಕೇಂದ್ರ ಇರುವುದು ಇಲ್ಲಿಯೇ. ದೇಶದ ಹಲವೆಡೆ ಇರುವ ನೆಲದ ಕೇಂದ್ರಗಳು ಜಿಪಿಎಸ್ ಸಂಕೇತದ ತಪ್ಪನ್ನು ಅಳೆಯುತ್ತವೆ. ಇಲ್ಲಿ ತಿದ್ದುಪಡಿ ಲೆಕ್ಕವಾಗಿ, ಭೂಸ್ಥಿರ ಉಪಗ್ರಹದ ಮೂಲಕ ವಿಮಾನವನ್ನು ತಲುಪುತ್ತದೆ. ತಾನೆಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂಬುದು ಪೈಲಟ್‌ಗೆ ಹೆಚ್ಚು ನಿಖರವಾಗಿ ತಿಳಿಯುತ್ತದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಇದರ ನೆರವಿನಿಂದ ಇಳಿಯಿತು.

ಆದರೆ ಇದು ಮೋಡವನ್ನು ಸರಿಸದು. ಅದಕ್ಕೆ ತಕ್ಕ ಗ್ರಾಹಕ ವಿಮಾನದಲ್ಲಿರಬೇಕು. ಮುಂದಿರುವ ಬೆಟ್ಟದ ಎಚ್ಚರಿಕೆಗೆ ಭೂಪ್ರದೇಶದ ನಕಾಶೆಯುಳ್ಳ ಬೇರೆ ಉಪಕರಣ ಬೇಕು. ಎಲ್ಲಕ್ಕಿಂತ ಮೊದಲು, ಹವೆ ಕೆಟ್ಟಾಗ 'ಹಿಂದಿರುಗುತ್ತೇನೆ' ಎನ್ನುವ ಪೈಲಟ್ ಬೇಕು. ತಡವಾಯಿತೆಂದು ಅವನನ್ನು ದೂರದ ಪ್ರಯಾಣಿಕರೂ ಬೇಕು.

ಒಂದು ಪ್ರಯೋಗ ಮಾಡಿ. ತಿರುಗುವ ಕುರ್ಚಿಯಲ್ಲಿ ಗೆಳೆಯನನ್ನು ಕಣ್ಣು ಮುಚ್ಚಿ ಕೂರಿಸಿ, ಹಿರಿಯರೊಬ್ಬರ ಸಮ್ಮುಖದಲ್ಲಿ, ಒಂದೇ ವೇಗದಲ್ಲಿ ಅರ್ಧ ನಿಮಿಷ ನಿಧಾನವಾಗಿ ತಿರುಗಿಸಿ. ಮೆಲ್ಲಗೆ ನಿಲ್ಲಿಸಿ, 'ಈಗ ಯಾವ ಕಡೆ ತಿರುಗುತ್ತಿದ್ದೀಯ?' ಎಂದು ಕೇಳಿ. ಉತ್ತರವನ್ನು ಬರೆದಿಟ್ಟುಕೊಂಡು, ಕಾರಣವನ್ನು ತರಗತಿಯಲ್ಲಿ ಚರ್ಚಿಸಿ.