ಪಾಯಸದ ದ್ರಾಕ್ಷಿ ನಾಯಿಗೆ ಬೇಡ

ಬಸ್ಸಲ್ಲಿ ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಮನೇಲಿ ನಾಯಿ ಇದ್ರೆ ಇವತ್ತು ಸ್ವಲ್ಪ ಗಮನ ಕೊಡಿ.

ನಮ್ಮನೆ ನಾಯಿ ಕರಿಯ. ಬೀದೀಲಿ ಸಿಕ್ಕವನು, ತೂಕ 12 ಕೆಜಿ. ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ದಿನ ಅಜ್ಜಿ ಪಾಯಸಕ್ಕೆ ತೆಗೆದಿಟ್ಟಿದ್ದ ಒಣದ್ರಾಕ್ಷೀಲಿ ಒಂದು ಹಿಡಿ ಅವನಿಗೂ ಹಾಕಿದ್ರು. ಹಬ್ಬ ಅಲ್ವಾ, ಅವನಿಗೂ ಇರ್ಲಿ ಅಂತ. ನಾನು ಕೂಗಾಡಿದೆ. "ಹಣ್ಣು ತಾನೇ ಮಗಾ, ವಿಷ ಏನಲ್ವಲ್ಲ" ಅಂದ್ರು.

ನಾಯಿಗೆ ಅದು ವಿಷಾನೇ. ಹಸಿ ದ್ರಾಕ್ಷಿ, ಒಣದ್ರಾಕ್ಷಿ, ಬೀಜ ಇರೋದು, ಇಲ್ಲದ್ದು, ಎಲ್ಲವೂ. ನೇರವಾಗಿ ಕಿಡ್ನಿಗೆ ಹೊಡೆಯುತ್ತೆ. ಯಾಕೆ ಅನ್ನೋದು ತುಂಬಾ ವರ್ಷ ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದಲ್ಲಿ ಒಂದು ನಾಯಿ ಮಕ್ಕಳು ಆಡೋ, ಮನೇಲೇ ಕಲಸಿದ ಹಿಟ್ಟಿನ ಮುದ್ದೆ ತಿಂತು. ಅದ್ರಲ್ಲಿ ಕ್ರೀಮ್ ಆಫ್ ಟಾರ್ಟರ್ ಇತ್ತು. ಲಕ್ಷಣ ಮಾತ್ರ ಥೇಟ್ ದ್ರಾಕ್ಷಿ ತಿಂದ ನಾಯಿದೇ. ಅಲ್ಲಿಂದ ಸುಳಿವು ಹಿಡಿದು 2021ರಲ್ಲಿ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದ್ರು. ಈ ಆಮ್ಲ ದ್ರಾಕ್ಷಿಯ ತಳಿ, ಹಣ್ಣಾಗಿರೋ ಮಟ್ಟದ ಮೇಲೆ ಹೆಚ್ಚು ಕಡಿಮೆ ಆಗುತ್ತೆ. ಹಾಗಾಗಿ "ನಮ್ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಿಲ್ಲ" ಅನ್ನೋ ಮಾತು ಲೆಕ್ಕಕ್ಕೇ ಬರಲ್ಲ. ಮುಂದಿನ ಗೊಂಚಲು ಬೇರೆ.

ಇನ್ನೊಂದು ಗೊತ್ತಾ? ಇದೇ ಆಮ್ಲ ಹುಣಸೆಹಣ್ಣಲ್ಲಿ ಭರ್ತಿ ಇದೆ. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳೂ ಇವೆ. ಮಿಕ್ಕಿದ ಪುಳಿಯೋಗರೆನ ನಾಯಿ ತಟ್ಟೆಗೆ ಸುರಿಯೋರು ಕೇಳಿಸ್ಕೊಳ್ಳಿ.

ಕರಿಯನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ಮುಕ್ಕಾಲು ಗಂಟೇಲಿ ಡಾಕ್ಟ್ರ ಹತ್ರ ಹೋದೆ. ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಅಂದಿದ್ರು. ದಯವಿಟ್ಟು ಮಾಡ್ಬೇಡಿ, ಉಪ್ಪು ಜಾಸ್ತಿಯಾದ್ರೆ ಅದೇ ಇನ್ನೊಂದು ವಿಷ. ಡಾಕ್ಟ್ರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದ್ರು. ನಾನು ಎಣಿಸ್ದೆ, 17 ದ್ರಾಕ್ಷಿ. ಬಿಕಾಂ ಓದಿದವನ ಬುದ್ಧಿ, ಏನ್ ಮಾಡೋದು. ಇದಕ್ಕೆ ಮದ್ದು ಅಂತ ಪ್ರತ್ಯೇಕವಾಗಿ ಇಲ್ವಂತೆ, ಡ್ರಿಪ್ ಹಾಕಿ ಕಾಯ್ಬೇಕು. ವಾಂತಿ, ಮಂಕು ಮೊದಲ ದಿನಾನೇ ಕಾಣಿಸ್ಬಹುದು, ಕಿಡ್ನಿ ಕೈ ಕೊಡೋದು ಒಂದರಿಂದ ಮೂರು ದಿನದೊಳಗೆ. ಆ ಮೂರು ದಿನ ಅಜ್ಜಿ ಅವನ ಮೂತ್ರ ಕಾಯ್ತಾ ಕೂತಿದ್ರು. ಪಾಯಸ ಮುಟ್ಲಿಲ್ಲ. ಮೂರನೇ ದಿನ ಕ್ರಿಯಾಟಿನಿನ್ ನಾರ್ಮಲ್ ಬಂತು. ಬಿಲ್ಲಿನ ವಿಷಯ ಬೇಡ ಬಿಡಿ.

ಹಾಗಂತ ಹಣ್ಣೇ ಕೊಡ್ಬಾರ್ದು ಅಂತಲ್ಲ. ಬಾಳೆಹಣ್ಣು, ಪಪ್ಪಾಯ, ಕಲ್ಲಂಗಡಿ ಎಲ್ಲಾ ಆಗುತ್ತೆ, ಸಿಪ್ಪೆ ಬೀಜ ತೆಗೆದು. ಸೇಬು ಕೊಟ್ರೆ ನಡುವಿನ ಗಟ್ಟಿ ಭಾಗ ಬೇಡ, ಬೀಜ ಜಗಿದ್ರೆ ಸೈನೈಡ್ ಹೊರಡುತ್ತೆ. ಬೆಣ್ಣೆಹಣ್ಣು ಬಿಟ್ಬಿಡಿ. ಮಾವಿನ ತಿರುಳು ಓಕೆ, ಆದ್ರೆ ಗೊರಟೆ ಚೀಪೋಕೆ ಎಸೀಬೇಡಿ. ನುಂಗಿದ್ರೆ ಕರುಳಲ್ಲಿ ಸಿಕ್ಕಿಹಾಕ್ಕೊಂಡು ಆಪರೇಷನ್‌ವರೆಗೂ ಹೋಗುತ್ತೆ.

ಎಷ್ಟು ಕೊಡ್ಬಹುದು? ಬಿಸ್ಕತ್ತು, ಹಣ್ಣು, ತಿಂಡಿ ತೀರ್ಥ ಎಲ್ಲಾ ಸೇರಿ ದಿನದ ಕ್ಯಾಲೊರೀಲಿ 10%ಗಿಂತ ಕಡಿಮೆ ಇರ್ಬೇಕು. ಕರಿಯನಿಗೆ ಅರ್ಧ ಬಾಳೆಹಣ್ಣಿಗೇ ಆ ದಿನದ ಖಾತೆ ಕ್ಲೋಸ್. ಸಕ್ಕರೆ ಕಾಯಿಲೆ ಇರೋ ನಾಯಿ ಆದ್ರೆ ಡಾಕ್ಟ್ರನ್ನ ಕೇಳಿಯೇ ಕೊಡಿ.

ಈಗ ನಮ್ಮನೇಲಿ ದ್ರಾಕ್ಷಿ ಡಬ್ಬ ಮೇಲಿನ ಶೆಲ್ಫಲ್ಲಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಕಲ್ಲಂಗಡಿ ಬೀಜ ಒಂದೊಂದೇ ಆರಿಸಿ ಕರಿಯನಿಗೆ ಕೊಡ್ತಾರೆ. ನನಗೆ ಬೀಜ ಇರೋದೇ.