ರಾತ್ರಿ ಪಾಳಿಯ ಲೆಕ್ಕ ಕೇಳೋಣ

ಹಾಸ್ಟೆಲ್ ಗೆಳೆಯರೆ,

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ನಮ್ಮ ದಢೇಸುಗೂರು, ಸಿಂಧನೂರು ಸೀಮೆ ಭತ್ತದ ನಾಡಾಯಿತು. ರೈಸ್‌ಮಿಲ್ಲು, ಗೋದಾಮು ಎದ್ದವು. ರಾತ್ರಿ ಅವನ್ನು ಕಾಯುವವರು ಯಾರು? ನಮ್ಮ ಅಪ್ಪಂದಿರು, ಅಣ್ಣಂದಿರು. ರಜೆಯಲ್ಲಿ ನಮ್ಮೊಳಗಿನ ಕೆಲವರೂ ಹೌದು.

'ಏನ್ ಕೆಲಸಪಾ, ಸುಮ್ನ ಕುಂತಿರಾದು' ಅಂತಾರೆ ಸಾವ್ಕಾರರು. ಸಂಜೆ ಆರಕ್ಕೆ ಹೋದವನು ಮುಂಜಾನೆ ಆರಕ್ಕೆ ಬರ್ತಾನೆ. ಬದಲಿ ಆಳು ಬಾರದಿದ್ದರೆ ಹಗಲೂ ಅಲ್ಲೇ. ಲಾರಿ ಬಂದರೆ ಚೀಲ ಎಣಿಸಬೇಕು, ಮೋಟಾರು ಹಾಕಬೇಕು, ಅಂಗಳ ಗುಡಿಸಬೇಕು. ಇಬ್ಬರಿದ್ದ ಗೇಟಿಗೆ ಈಗ ಒಬ್ಬನೇ. ಪಗಾರ ಮಾತ್ರ ಹಳೇದೇ. ಚೀಲ ಕಳುವಾದರೆ ಅದರಲ್ಲೇ ಮುರಕೊಳ್ತಾರೆ. ಏಜೆನ್ಸಿಯವನ ಪಾಲು ಎಷ್ಟು ಅಂತ ದುಡಿಯುವವನಿಗೆ ಹೇಳುವವರೇ ಇಲ್ಲ.

ಜೀತದಾಳಿಗೂ ತಾಸಿನ ಲೆಕ್ಕ ಇರಲಿಲ್ಲ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಲೆಕ್ಕವಿಲ್ಲದ ದುಡಿಮೆ ಗೇಟಿಗೆ ಬಂದು ನಿಂತಿದೆ.

ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ತಂದ 1946ರ ತಿದ್ದುಪಡಿ, ವರ್ಷವಿಡೀ ನಡೆಯುವ ಕಾರ್ಖಾನೆಗಳ ದುಡಿಮೆಯನ್ನು ವಾರಕ್ಕೆ 54 ತಾಸಿನಿಂದ 48ಕ್ಕೆ ಇಳಿಸಿತು. ಏಳು ರಾತ್ರಿ ಕಾದವನದು 84 ತಾಸು. ಕಳೆದು ನೋಡಿರಿ: 36 ತಾಸು ಹೆಚ್ಚು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು ಅನ್ನುತ್ತದೆ. ಅದು ಯಾರ ಕೈಗೆ ಬಂದಿದೆ?

ಈ ಭಾನುವಾರ ನೋಟ್‌ಬುಕ್ ಹಿಡಿದು ಕೇರಿಗೆ ಹೋಗೋಣ. ಹೋದ ಹೊತ್ತು, ಬಂದ ಹೊತ್ತು, ಕೈಗೆ ಬಂದ ದುಡ್ಡು ಬರೆದುಕೊಳ್ಳೋಣ. ಒಬ್ಬನೇ ಕೇಳಿದರೆ 'ನಾಳಿಂದ ಬರಬ್ಯಾಡ' ಅಂತಾರೆ. ಅದಕ್ಕೇ ಎಲ್ಲರ ಲೆಕ್ಕ ಕೂಡಿಸಿ ಕಾರ್ಮಿಕ ಇಲಾಖೆಯವರ ಮೇಜಿನ ಮೇಲೆ ಇಡೋಣ. ಬರೆಯಲು ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಿರಿ.